ಇಷ್ಟವಿಯೋಗವನ್ನು ಗೆದ್ದ ಚಟ್ಟಲದೇವಿ

ಬ್ಯಾಕೋಡಿನ ಕಡೆಯ ಶ್ರಾವಕರು ಹೊಂಬುಜದ ಯಾತ್ರೆಗೆ ಹೊರಟರೆ ಮೊದಲು ಶರಾವತಿಯ ಹಿನ್ನೀರನ್ನು ದಾಟಬೇಕು. ಬಹುಕಾಲ ಲಾಂಚನ್ನು ಕಾಯಬೇಕಾಗಿದ್ದಲ್ಲಿ 2025ರ ಜುಲೈಯಿಂದ ಸೇತುವೆಯಾಗಿದೆ. ಆ ನೀರಿನ ತಳದಲ್ಲಿ ಗದ್ದೆ, ತೋಟ, ಮನೆಯಂಗಳಗಳಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಡೆಯಾದ ಊರುಗಳ ಹೆಸರನ್ನು ಹಿರಿಯರು ಇಂದಿಗೂ ಎಣಿಸುತ್ತಾರೆ. ಕಳೆದುಕೊಳ್ಳುವುದೆಂದರೇನೆಂದು ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಕಳೆದುಕೊಂಡ ಮೇಲೆ ಬದುಕನ್ನು ಹೇಗೆ ಕಟ್ಟಿಕೊಳ್ಳಬೇಕೆಂಬುದಕ್ಕೆ ಮಾತ್ರ ಹೊಂಬುಜದಲ್ಲಿಯೇ ಒಂದು ಉದಾಹರಣೆಯಿದೆ. ಪದ್ಮಾವತೀ ಅಮ್ಮನವರ ದರ್ಶನ ಮಾಡಿ ಬೇಗನೆ ಬಸ್ಸಿನ ಕಡೆಗೆ ಹೊರಡುವ ನಾವು ಅದನ್ನು ಗಮನಿಸುವುದು ಕಡಿಮೆ. ಅದು ಪಂಚಕೂಟ ಬಸದಿ. ಅದರ ಪ್ರಾಚೀನ ನಾಮ ಉರ್ವೀತಿಲಕ ಜಿನಾಲಯ. ಅದನ್ನು ಕಟ್ಟಿಸಿದ ಚಟ್ಟಲದೇವಿಯ ಜೀವನವನ್ನು ಶಾಸನಗಳ ಆಧಾರದಿಂದ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಚಟ್ಟಲದೇವಿಯು ಹನ್ನೊಂದನೆಯ ಶತಮಾನದವಳು. ರಕ್ಕಸಗಂಗನ ಮನೆತನದಲ್ಲಿ ಹುಟ್ಟಿದ ಗಂಗಕುಲದ ಕುವರಿ. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ. ಆಕೆಯನ್ನು ಪಲ್ಲವ ಕುಲದ ಕಾಡುವೆಟ್ಟಿಗೆ ಕೊಟ್ಟು ವಿವಾಹ ಮಾಡಲಾಯಿತು. ತಂಗಿ ಬೀರಲದೇವಿಯು ಸಾಂತಳಿಗೆ ಸಾಸಿರದ ಒಡೆಯನಾದ ಬೀರ ಸಾಂತರನ ಕೈಹಿಡಿದಳು. ಇಂದಿನ ಹೊಸನಗರ, ತೀರ್ಥಹಳ್ಳಿ, ಸಾಗರ ಪ್ರಾಂತಗಳಲ್ಲಿ ಹರಡಿದ್ದ ಆ ನಾಡಿಗೆ ಪೊಂಬುರ್ಚವೆಂಬ ಹೊಂಬುಜವೇ ರಾಜಧಾನಿ.

ಸುಖ ಬಹುಕಾಲ ನಿಲ್ಲಲಿಲ್ಲ. ಚಟ್ಟಲದೇವಿಗೆ ಪತಿವಿಯೋಗವಾಯಿತು, ಮಗನೂ ಅಕಾಲದಲ್ಲಿ ತೀರಿಹೋದನು. ತಂದೆತಾಯಿಗಳು ಗತಿಸಿದರು. ಬೆನ್ನಿಗೆ ಬಿದ್ದ ತಂಗಿಯೂ ತೈಲ, ಗೊಗ್ಗಿಗ, ಒಡ್ಡಿಗ, ಬರ್ಮ ಎಂಬ ನಾಲ್ವರು ಗಂಡುಮಕ್ಕಳನ್ನು ಬಿಟ್ಟು ಅಗಲಿದಳು. ಒಂದು ಜನ್ಮಕ್ಕೆ ಇಷ್ಟು ಮರಣಗಳು ಸಾಲದೆ?

ತತ್ತ್ವಾರ್ಥಸೂತ್ರವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ಹೇಳಿ, ಅವುಗಳಲ್ಲಿ ಇಷ್ಟವಿಯೋಗದಿಂದ ಹುಟ್ಟುವುದನ್ನು ಒಂದೆಂದು ಗಣಿಸಿದೆ. ಪ್ರಿಯವಾದದ್ದು ಅಗಲಿದಾಗ ಅದು ಮರಳಿ ಬರಲೆಂದು ಮನಸ್ಸು ಮತ್ತೆ ಮತ್ತೆ ಅಲ್ಲಿಯೇ ಸುತ್ತುವುದು ಅದರ ಲಕ್ಷಣ. ಅತ್ತರೆ ದೋಷವೆಂದು ಇದರ ತಾತ್ಪರ್ಯವಲ್ಲ. ಅಳು ನಿಂತ ಮೇಲೆಯೂ ಮನಸ್ಸು ಗಾಣದೆತ್ತಿನಂತೆ ಅದೇ ಸುತ್ತಿನಲ್ಲಿ ತಿರುಗುತ್ತಿದ್ದರೆ ಹೊಸ ಕರ್ಮಬಂಧವಾಗುತ್ತದೆಂಬುದು ಆಚಾರ್ಯರ ಎಚ್ಚರಿಕೆ. ಆ ಕಾಲದಲ್ಲಿ ಪತಿಯೊಡನೆ ಚಿತೆಯೇರುವವರೂ ಇದ್ದರು. ಸೇನಾನಿ ನಾಗದೇವನು ಮಡಿದಾಗ ಅವನ ಪತ್ನಿಯರಲ್ಲಿ ಗುಂಡಮಬ್ಬೆಯು ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆಯು ಮಗನಿಗಾಗಿ ಉಳಿದಳು. ಉಳಿದವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು, ಲಕ್ಕುಂಡಿಯಲ್ಲಿ ಜಿನಾಲಯವನ್ನೆತ್ತಿಸಿದಳು. ಚಟ್ಟಲದೇವಿಯ ಕಾಲಕ್ಕೆ ಆ ಚರಿತ್ರೆ ಹಳೆಯದೇನೂ ಆಗಿರಲಿಲ್ಲ.

ಆದರೆ ಅತ್ತಿಮಬ್ಬೆಗೆ ಸ್ವಂತ ಮಗನಿದ್ದನು, ಚಟ್ಟಲದೇವಿಗೆ ಅವನೂ ಇರಲಿಲ್ಲ. ಆಕೆಯು ತಂಗಿಯ ನಾಲ್ವರು ಮಕ್ಕಳನ್ನೇ ತನ್ನವರೆಂದು ಭಾವಿಸಿ ಅವರೊಡನೆ ಪೊಂಬುರ್ಚದಲ್ಲಿ ನೆಲೆಸಿದಳು. ಈ ಒಂದು ನಿರ್ಧಾರದಲ್ಲಿಯೇ ಆಕೆಯ ಮುಂದಿನ ಬಾಳೆಲ್ಲ ಅಡಗಿದೆಯೆಂದು ನನ್ನ ಅಭಿಪ್ರಾಯ. ಮಕ್ಕಳಿರುವ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಒಲೆ ಹೊತ್ತಬೇಕು. ದುಃಖಕ್ಕೆಂದು ಬೇರೆ ಹೊತ್ತು ಸಿಗುವುದಿಲ್ಲ. ಆ ಮಕ್ಕಳು ಬೆಳೆದರು. ತೈಲನು ಭುಜಬಲ ಸಾಂತರನೆಂದೂ, ಗೊಗ್ಗಿಗನು ನನ್ನಿ ಸಾಂತರನೆಂದೂ, ಒಡ್ಡಿಗನು ವಿಕ್ರಮ ಸಾಂತರನೆಂದೂ ಪ್ರಸಿದ್ಧರಾದರು. ಭುಜಬಲ ಸಾಂತರನು ತನ್ನ ಹೆಸರಿನ ಜಿನಾಲಯವನ್ನು ರಾಜಧಾನಿಯಲ್ಲಿ ಕಟ್ಟಿಸಿ ಗುರು ಕನಕನಂದಿಗಳಿಗೆ ಗ್ರಾಮವೊಂದನ್ನು ದತ್ತಿಯಾಗಿತ್ತನು.

ಚಟ್ಟಲದೇವಿಯ ಗುರುಗಳು ಅರುಂಗಳಾನ್ವಯದ ಶ್ರೀವಿಜಯರು, ಒಡೆಯದೇವರೆಂಬ ಹೆಸರುಳ್ಳವರು. ರಕ್ಕಸಗಂಗನಿಗೂ ನನ್ನಿ ಸಾಂತರನಿಗೂ ಅವರೇ ಗುರುಗಳು. ತವರು ಕರಗಿ, ಪತಿಗೃಹ ಬರಿದಾದರೂ ಗುರುಪೀಠವೊಂದು ಬದಲಾಗದೆ ನಿಂತಿತ್ತೆಂಬುದು ಸಣ್ಣ ಸಂಗತಿಯಲ್ಲ.

ಆಕೆಯ ಪುಣ್ಯಕಾರ್ಯಗಳೆಂದು ಶಾಸನವು ಹೆಸರಿಸುವುದು ಕೆರೆ, ಬಾವಿ, ಬಸದಿ, ದೇವಾಲಯ, ಅರವಟ್ಟಿಗೆ, ಸ್ನಾನತೀರ್ಥ, ಸತ್ರ, ಉದ್ಯಾನಗಳನ್ನು. ಅವುಗಳೊಡನೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು. ಮಲೆನಾಡಿನಲ್ಲಿ ಅರವಟ್ಟಿಗೆಯೇಕೆಂದು ಯಾರಾದರೂ ಕೇಳಬಹುದು. ಆಷಾಢ ಶ್ರಾವಣಗಳಲ್ಲಿ ಸುರಿದ ಮಳೆಯ ನೀರು ಇಳಿಜಾರಿನಲ್ಲಿ ಹರಿದುಹೋಗಿ, ಚೈತ್ರ ವೈಶಾಖಗಳಲ್ಲಿ ಗುಡ್ಡದ ದಾರಿಯಲ್ಲಿ ನಡೆಯುವವನ ಗಂಟಲು ಒಣಗುವುದನ್ನು ಬಲ್ಲವರು ಹಾಗೆ ಕೇಳಲಾರರು. ಕೆರೆಯನ್ನು ಒಮ್ಮೆ ತೋಡಿಸಿದರೆ ಮುಗಿಯಿತೆನ್ನಬಹುದು. ಅರವಟ್ಟಿಗೆ ಹಾಗಲ್ಲ, ಅದಕ್ಕೆ ದಿನದಿನವೂ ನೀರು ತುಂಬಬೇಕು. ಸತ್ರಕ್ಕೆ ದಿನದಿನವೂ ಅಕ್ಕಿ ಬೇಕು, ರೋಗಿಗೆ ಹೊತ್ತುಹೊತ್ತಿಗೆ ಔಷಧ ಬೇಕು. ಒಂದು ದಿನದ ಭಾವಾವೇಶದಿಂದ ನಡೆಯುವ ಕಾರ್ಯಗಳಲ್ಲ ಇವು. ಅಭ್ಯಾಸದಿಂದ ಮಾತ್ರ ನಡೆಯತಕ್ಕವು.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನು ಕುರಿತು ಹೇಳದಿರಲಾರೆ. ಮನೆಯಲ್ಲಿ ಸಾವಾದರೆ, ಮುಖ್ಯವಾಗಿ ಪತಿಯನ್ನು ಕಳೆದುಕೊಂಡ ಮಾತೆಯರು, ಒಮ್ಮೆಲೆ ಉಪವಾಸದ ಮೇಲೆ ಉಪವಾಸ ಹಿಡಿಯುತ್ತಾರೆ. ನೋಡುವವರು ಭಕ್ತಿಯೆಂದು ಕೈಮುಗಿಯುತ್ತಾರೆ. ಆದರೆ ಅನ್ನದ ಮೇಲಿನ ಬೇಸರವನ್ನೇ ಉಪವಾಸವೆಂದು ಕರೆದರೆ ಅದು ತಪವಾಗುವುದಿಲ್ಲ. ಇಷ್ಟವಿಯೋಗದ ಆರ್ತಧ್ಯಾನವೇ ವ್ರತದ ವೇಷ ತೊಟ್ಟು ಕುಳಿತಿರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಚತುರ್ವಿಧ ಆಹಾರತ್ಯಾಗವನ್ನು ಉಪವಾಸವೆಂದೂ ಒಂದು ಹೊತ್ತಿನ ಊಟವನ್ನು ಪ್ರೋಷಧವೆಂದೂ ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ, ಉಪವಾಸಿಯು ಆಲಸ್ಯವಿಲ್ಲದೆ ಧರ್ಮಶ್ರವಣದಲ್ಲಿಯೂ ಜ್ಞಾನಧ್ಯಾನಗಳಲ್ಲಿಯೂ ಇರಬೇಕೆಂದು ವಿಧಿಸಿದರು. ಕತ್ತಲ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿ ಕಳೆದ ದಿನ ಅವರ ಲೆಕ್ಕಕ್ಕೆ ಸೇರದು. ಅನಾದರವನ್ನೂ ವಿಸ್ಮರಣೆಯನ್ನೂ ಅವರು ಆ ವ್ರತದ ಅತಿಚಾರಗಳೆಂದಿದ್ದಾರೆ. ಅಂದರೆ ಮನಸ್ಸಿಲ್ಲದ ಉಪವಾಸವೂ ದೋಷಯುಕ್ತವೇ.

ಅವರೇ ಯಮವೆಂದರೆ ಯಾವಜ್ಜೀವ, ನಿಯಮವೆಂದರೆ ಕಾಲಮಿತಿಯುಳ್ಳದ್ದು ಎಂದು ವಿಭಾಗಿಸಿರುವುದು ಶೋಕದಲ್ಲಿರುವವರಿಗೆ ಬಹಳ ಉಪಯುಕ್ತ. ದುಃಖದ ಭರದಲ್ಲಿ ಯಮವನ್ನು ಹಿಡಿದು ಆಮೇಲೆ ಮುರಿಯುವುದಕ್ಕಿಂತ, ಪಕ್ಷಕ್ಕೋ ಮಾಸಕ್ಕೋ ನಿಯಮವನ್ನು ಹಿಡಿದು ನಡೆಸುವುದು ಮೇಲು. ಸೂರ್ಯಾಸ್ತದೊಳಗೆ ಊಟ, ಅಷ್ಟಮಿ ಚತುರ್ದಶಿಗಳಲ್ಲಿ ಏಕಭುಕ್ತ, ಬೆಳಗ್ಗೆ ಹೊತ್ತಿಗೆ ಸರಿಯಾಗಿ ಸಾಮಾಯಿಕ, ನೆರೆಯ ರೋಗಿಯನ್ನು ನೋಡಿಬರುವುದು: ಇಷ್ಟು ಸಾಲದೇ? ಮಧುಮೇಹದವರು, ವೃದ್ಧರು, ಬಾಣಂತಿಯರು ವೈದ್ಯರನ್ನು ಕೇಳಿಯೇ ಉಪವಾಸಕ್ಕಿಳಿಯಲಿ. ಶಕ್ತಿಯನ್ನು ಮೀರದೆ ತಪಗೈಯಬೇಕೆಂಬುದನ್ನು ಷೋಡಶಕಾರಣ ಭಾವನೆಗಳಲ್ಲಿಯೇ ಹೇಳಿದೆ. ಪಾರಣೆಯ ದಿನ ಕರಿದ ತಿಂಡಿ, ಸಿಹಿಗಳನ್ನು ತುಂಬಿಕೊಂಡು ಹೊಟ್ಟೆಯನ್ನು ಕೆಡಿಸಿಕೊಳ್ಳುವವರಿಗೆ ಏನು ಹೇಳುವುದು! ಅಂದು ಬೇಕಾದದ್ದು ಗಂಜಿ, ಹೆಸರುಬೇಳೆಯ ತೊವ್ವೆ.

ಮತ್ತೆ ಚಟ್ಟಲದೇವಿಯ ಕಥೆಗೆ ಬರೋಣ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದ ಮರುವರ್ಷ, 1077ರಲ್ಲಿ, ಉರ್ವೀತಿಲಕದ ಶಾಸನ ಹುಟ್ಟಿತು. ಶುಭಮುಹೂರ್ತದಲ್ಲಿ ಅಡಿಗಲ್ಲು ಬಿದ್ದಿತ್ತು. ಅರುಮುಳಿದೇವ, ಗಾವಬ್ಬರಸಿ, ಬೀರಲದೇವಿ, ರಾಜಾದಿತ್ಯದೇವ ಇವರ ಪರೋಕ್ಷವಿನಯಕ್ಕಾಗಿ ಐದು ಗರ್ಭಗೃಹಗಳ ಬಸದಿ ಎದ್ದಿತು. ಪರೋಕ್ಷವಿನಯವೆಂಬುದು ನಮ್ಮ ಶಾಸನಗಳಲ್ಲಿ ಬರುವ ಸುಂದರವಾದ ಮಾತು. ಕಣ್ಣೆದುರಿಗಿಲ್ಲದವರಿಗೆ ಸಲ್ಲಿಸುವ ಗೌರವವೇ ಅದು. ಅಗಲಿದವರನ್ನು ಮರೆಯಬೇಕೆಂದು ಆಕೆಗೆ ಯಾರೂ ಹೇಳಲಿಲ್ಲ. ಅವರನ್ನು ನೆನೆಯುವ ಕ್ರಮ ಬದಲಾಯಿತು, ಅಷ್ಟೇ. ಆಕೆಯ ನೆನಪಿನ ಸ್ಥಳದಲ್ಲಿ ಪರರು ಬಂದು ಅಭಿಷೇಕ ಮಾಡಿದರು, ಶಾಸ್ತ್ರ ಕೇಳಿದರು, ಅನ್ನ ಉಂಡರು.

ಆ ಕ್ರಮವು ಸಾಂತರರ ಮನೆಯಲ್ಲಿ ರೂಢಿಯಾಗಿ ಉಳಿಯಿತು. 1103ರಲ್ಲಿ ತ್ರಿಭುವನಮಲ್ಲ ಸಾಂತರನು ಬೀರಬ್ಬರಸಿಯ ನೆನಪಿಗಾಗಿ, ವಾದಿಘರಟ್ಟರೆಂಬ ಬಿರುದಿನ ಅಜಿತಸೇನ ಪಂಡಿತರ ಹೆಸರಿನಲ್ಲಿ ಬಸದಿಯ ಅಡಿಗಲ್ಲಿರಿಸಿದನು. ಮುಂದೆ 1147ರಲ್ಲಿ ಅದೇ ಕುಲದ ಪಂಪಾದೇವಿಯು ಉರ್ವೀತಿಲಕಕ್ಕೆ ಉತ್ತರದ ಪಟ್ಟಸಾಲೆಯನ್ನು ಕಟ್ಟಿಸಿದಳು. ಆಕೆಯ ಮಗಳು ಬಾಚಲದೇವಿಯನ್ನು ಶಾಸನವು ಅತ್ತಿಮಬ್ಬೆಗೆ ಹೋಲಿಸಿದೆ.