ಹುಬ್ಬಳ್ಳಿಗೆ ಪ್ಲೇಗ್ ಲಸಿಕೆ ಕೊಟ್ಟ ಹಾಫ್ಕಿನ್: ಒಂದು ಬಾಟಲಿಗಾಗಿ ಒಬ್ಬನ ತಲೆದಂಡ

ಜೈವಿಕ ದಾಳಿ ಅಂದ ಕೂಡಲೇ ಟಿವಿ ಚರ್ಚೆಗಳು ಗಡಿ, ಶತ್ರುದೇಶ, ರಹಸ್ಯ ಲ್ಯಾಬ್ ಅಂತ ಶುರುವಾಗುತ್ತವೆ. ಆದರೆ ರೋಗಾಣುವನ್ನು ಯಾರೋ ಬೇಕಂತಲೇ ಬಿಟ್ಟರೂ, ಅದು ಇಲಿಯ ಜೊತೆ ತಾನಾಗೇ ಬಂದರೂ ಎದುರಿಸಬೇಕಾದವರು ಅದೇ ತಾಲ್ಲೂಕು ಆಸ್ಪತ್ರೆಯವರು, ಅದೇ ಆಶಾ ಕಾರ್ಯಕರ್ತೆಯರು. 1940ರಲ್ಲಿ ಜಪಾನಿ ಸೇನೆ ಚೀನಾದ ನಿಂಗ್ಬೋ ಮೇಲೆ ಪ್ಲೇಗ್ ಸೋಂಕಿನ ಚಿಗಟಗಳನ್ನು ವಿಮಾನದಿಂದ ಸುರಿಯಿತು. ಅದಕ್ಕೂ 42 ವರ್ಷ ಮೊದಲು, ಯಾವ ಶತ್ರುವೂ ಇಲ್ಲದೆ, ಅದೇ ರೋಗ ನಮ್ಮ ಹುಬ್ಬಳ್ಳಿಯನ್ನು ಮುತ್ತಿತ್ತು. ಆಗ ಊರಿನ ಕೈಹಿಡಿದದ್ದು ವಾಲ್ಡೆಮಾರ್ ಹಾಫ್ಕಿನ್ ತಯಾರಿಸಿದ ಲಸಿಕೆ.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಒಡೆಸ್ಸಾದ ಯಹೂದಿ ಕುಟುಂಬದಲ್ಲಿ. ಝಾರ್ ಆಳ್ವಿಕೆಯ ರಷ್ಯಾದಲ್ಲಿ ಯಹೂದಿಗಳಿಗೆ ಒಳ್ಳೆಯ ಹುದ್ದೆ ಸಿಗುವುದು ಕಷ್ಟವಿತ್ತು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿ, 1892ರಲ್ಲಿ ಕಾಲರಾ ಲಸಿಕೆ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಭಾರತಕ್ಕೆ ಬಂದ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಹಾಫ್ಕಿನ್ ಕೆಲಸಕ್ಕೆ ಕೂತ. ಸಾರಿನಂಥ ದ್ರವದ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಸಿದ, ಬಿಸಿ ಮಾಡಿ ಅವನ್ನು ಕೊಂದ. 1897ರ ಜನವರಿ 10ರಂದು ಮತ್ತೆ ತನ್ನ ಮೈಮೇಲೇ ಮೊದಲ ಪ್ರಯೋಗ. ಆಮೇಲೆ ಬೈಕುಲ್ಲಾ ಜೈಲಿನಲ್ಲಿ ಸ್ವಯಂಪ್ರೇರಿತರಾಗಿ ಬಂದ ಕೈದಿಗಳಿಗೆ.

ಸರ್ಕಾರದ ದಾರಿ ಬೇರೆ ಇತ್ತು. ಅದೇ ವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿದರು. ಜೂನ್‌ನಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡಿಟ್ಟರು.

1898ರಲ್ಲಿ ರೋಗ ಹುಬ್ಬಳ್ಳಿ, ಧಾರವಾಡಕ್ಕೆ ಬಂತು. ರೈಲ್ವೆ ಜಂಕ್ಷನ್ನು, ವರ್ಕ್‌ಶಾಪು, ಮಿಲ್ಲು ಇದ್ದ ಊರು ನಮ್ಮದು. ಸುಮಾರು 50 ಸಾವಿರ ಜನಸಂಖ್ಯೆ. ವೈದ್ಯ ಲ್ಯೂಮನ್ ನೇತೃತ್ವದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು. ವಾರವಾರವೂ ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಅಂತ ಪ್ರತ್ಯೇಕವಾಗಿ ಬರೆದಿಟ್ಟರು. ಹಾಕಿಸಿಕೊಂಡವರಲ್ಲಿ ಸಾವು ತುಂಬಾ ಕಡಿಮೆಯಿತ್ತು. ಮುಂದೆ ಈ ಲಸಿಕೆಯ ಪರವಾಗಿ ವಾದಿಸುವಾಗ ಹಾಫ್ಕಿನ್‌ಗೆ ಬಲ ಕೊಟ್ಟದ್ದು ಹುಬ್ಬಳ್ಳಿಯ ಆ ಲೆಕ್ಕ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್‌ನಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಬೇರೆ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ತನಿಖಾ ಆಯೋಗ ಹಾಫ್ಕಿನ್‌ನ ಮುಂಬೈ ಲ್ಯಾಬಿನತ್ತ ಬೆರಳು ತೋರಿಸಿತು, ಅವನ ಹುದ್ದೆ ಹೋಯಿತು. ಬಾಟಲಿ ತೆರೆಯುವ ಇಕ್ಕಳ ಹಳ್ಳಿಯಲ್ಲಿ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರು. ಬಾಟಲಿಗೆ ತೆರೆದಾಗ ಕೆಟ್ಟ ವಾಸನೆಯೂ ಇರಲಿಲ್ಲ. ಸೋಂಕು ಮುಂಬೈಯಲ್ಲೇ ಸೇರಿದ್ದರೆ ಅಷ್ಟು ವಾರಗಳಲ್ಲಿ ಅದು ನಾರಬೇಕಿತ್ತು. ಈ ಪುರಾವೆಗಳಿಗೆ ತೂಕ ಸಿಗಲು ಐದು ವರ್ಷ ಬೇಕಾಯಿತು. 1907ರಲ್ಲಿ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಪತ್ರಿಕೆಯಲ್ಲಿ ಬಹಿರಂಗವಾಗಿ ದನಿಯೆತ್ತಿದರು, ಹಾಫ್ಕಿನ್ ದೋಷಮುಕ್ತನಾದ. ಕಲ್ಕತ್ತೆಗೆ ಮರಳಿದರೂ ಹಳೆಯ ಸ್ಥಾನ ಸಿಗಲಿಲ್ಲ. 1925ರಲ್ಲಿ ಮುಂಬೈ ಲ್ಯಾಬಿಗೆ ಅವನ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್‌ಲೆಂಡಿನ ಲೌಸಾನ್‌ನಲ್ಲಿ ತೀರಿಕೊಂಡ.

ಎಂಜಿನಿಯರಿಂಗ್ ಓದಿದ ನನಗೆ ಮಲ್ಕೋವಾಲ್ ಕಥೆ ಪರಿಚಿತ ಅನ್ನಿಸುತ್ತದೆ. ಯಂತ್ರ ಕೆಟ್ಟರೆ ನಾವು ಮೊದಲು ಕೇಳಬೇಕಾದ್ದು ಯಾವ ಹಂತದಲ್ಲಿ ಕೆಟ್ಟಿತು ಅಂತ. ಸರ್ಕಾರ ಕೇಳಿದ್ದು ಯಾರನ್ನು ತೆಗೆಯೋಣ ಅಂತ. ತಲೆ ಉರುಳುತ್ತೆ ಅಂತ ಗೊತ್ತಿದ್ದರೆ ನರ್ಸ್ ಬಿದ್ದ ಇಕ್ಕಳದ ಬಗ್ಗೆ ಯಾಕೆ ಹೇಳ್ತಾರೆ? ವೈದ್ಯಾಧಿಕಾರಿ ಮೊದಲ ವಿಚಿತ್ರ ಕೇಸನ್ನು ಯಾಕೆ ವರದಿ ಮಾಡ್ತಾರೆ? ಜೈವಿಕ ದಾಳಿಯಲ್ಲಂತೂ ಆ ಮೊದಲ ವರದಿಯೇ ಎಲ್ಲ. 2001ರಲ್ಲಿ ಅಮೆರಿಕದ ಆಂಥ್ರಾಕ್ಸ್ ಪತ್ರಗಳ ದಾಳಿ ಬಯಲಾದದ್ದು ಫ್ಲಾರಿಡಾದ ಆಸ್ಪತ್ರೆಯೊಂದರ ವೈದ್ಯರು ಒಬ್ಬ ರೋಗಿಯ ಬಗ್ಗೆ ತಕ್ಷಣ ತಿಳಿಸಿದ್ದರಿಂದ.

ಕರ್ನಾಟಕ 2020ರಲ್ಲಿ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿದೆ. ಆದೇಶ ಮುರಿದವರಿಗೆ ಏನು ಶಿಕ್ಷೆ ಅಂತ ಅದರಲ್ಲಿದೆ. ಜೊತೆಗೆ ಇನ್ನೆರಡು ಕೆಲಸ ಆಗಬೇಕು. ಸೋಂಕು ಮತ್ತು ಸಾವಿನ ಲೆಕ್ಕ ವಾರವಾರ ಜನರ ಮುಂದಿರಬೇಕು. ಅವಘಡವಾದರೆ ಸರ್ಕಾರದ ಹಿಡಿತದಲ್ಲಿಲ್ಲದ ತಜ್ಞರು ತನಿಖೆ ಮಾಡಬೇಕು, ವರದಿ ಪ್ರಕಟವಾಗಬೇಕು. ಮೊದಲನೆಯದನ್ನು ಹುಬ್ಬಳ್ಳಿ 1898ರಲ್ಲೇ ಬರೆದಿಟ್ಟು ತೋರಿಸಿತ್ತು. ಎರಡನೆಯದು ಇಲ್ಲದ್ದಕ್ಕೆ ಹಾಫ್ಕಿನ್ ಐದು ವರ್ಷ ತೆತ್ತ.