ಏಳು ಬೀಜ ತಂದ ಬಾಬಾ ಬುಡನ್

ನಮ್ಮ ನಾಡಿಗೆ ಮೊದಲು ಕಾಫಿ ತಂದವರು ಹಜರತ್ ಬಾಬಾ ಬುಡನ್ ಎಂಬುದು ಜನರ ನಂಬಿಕೆ. 17ನೇ ಶತಮಾನದ ಈ ಸೂಫಿ ಸಂತರು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಗುಹೆಯಲ್ಲಿ ನೆಲೆಸಿದ್ದರು. ಈಗ ಆ ಬೆಟ್ಟಕ್ಕೆ ಅವರದೇ ಹೆಸರು. ಹಿಂದೂಗಳೂ ಮುಸ್ಲಿಮರೂ ಅಲ್ಲಿಗೆ ಹೋಗುತ್ತಾರೆ.

1670ರ ಸುಮಾರಿಗೆ ಅವರು ಹಜ್ ಮುಗಿಸಿ ಯೆಮನ್ ದೇಶದ ಮೋಕಾ ಬಂದರಿನಿಂದ ಹಿಂದಿರುಗಿದರು ಎನ್ನುತ್ತಾರೆ. ಯೆಮನ್‌ನ ಸೂಫಿಗಳು ರಾತ್ರಿ ಜಿಕ್ರ್ ಮಾಡುವಾಗ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು. ಆಗ ಕಾಫಿ ವ್ಯಾಪಾರ ಅರಬರ ಕೈಯಲ್ಲಿತ್ತು. ಬೇರೆ ಕಡೆ ಮೊಳಕೆ ಬರಬಾರದೆಂದು ಹುರಿದ ಅಥವಾ ಬೇಯಿಸಿದ ಬೀಜವನ್ನೇ ಹೊರಗೆ ಕಳಿಸುತ್ತಿದ್ದರಂತೆ. ನಾವು ಅರ್ಥಶಾಸ್ತ್ರದಲ್ಲಿ ಓದುವ ಏಕಸ್ವಾಮ್ಯ ಇದೇ. ಬಾಬಾ ಏಳು ಹಸಿ ಬೀಜಗಳನ್ನು ಬಚ್ಚಿಟ್ಟು ತಂದರು. ಸೊಂಟಕ್ಕೆ ಕಟ್ಟಿಕೊಂಡಿದ್ದರು ಎಂದು ಕೆಲವರು, ಗಡ್ಡದಲ್ಲಿ ಇಟ್ಟಿದ್ದರು ಎಂದು ಕೆಲವರು ಹೇಳುತ್ತಾರೆ. ಹಾಜಿಗಳು ಕಾಬಾವನ್ನು ಸುತ್ತುವುದೂ ಏಳು ಸಲ.

ಆ ಬೀಜಗಳನ್ನು ಬಾಬಾ ತಮ್ಮ ಗುಹೆಯ ಹತ್ತಿರ ನೆಟ್ಟರು. ಅದರಿಂದ ಅವರು ಹಣ ಮಾಡಿದರೆಂಬ ಕಥೆಯನ್ನು ನಾನು ಕೇಳಿಲ್ಲ. ಗಿಡ ನೆಡುವುದು ಸದಕಾ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನೆಟ್ಟವರು ಹೋದ ಮೇಲೂ ಅದರ ಪುಣ್ಯ ನಿಲ್ಲುವುದಿಲ್ಲ. ಬಾಬಾ ಅವರ ಸದಕಾ ಇಂದಿಗೂ ನಡೆಯುತ್ತಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ರೈತರು. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು.

ಮಲೆನಾಡಿನಲ್ಲಿ ಈ ಗಿಡ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯಿತು. ಅತ್ತಿ, ಹಲಸು, ನಂದಿ ಮರಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕಾಫಿ ಬೆಲೆ ಬಿದ್ದ ವರ್ಷ ಮೆಣಸು ರೈತನ ಕೈ ಹಿಡಿಯುತ್ತದೆ. ನೆರಳು ಕಡಿಮೆಯಾದರೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಬೀಳುತ್ತದೆ. ಆದರೂ ಎಷ್ಟೋ ತೋಟಗಳಲ್ಲಿ ಕಾಡುಮರ ಹೋಗಿ ಬೇಗ ಬೆಳೆದು ಮಾರಾಟವಾಗುವ ಸಿಲ್ವರ್ ಓಕ್ ಬಂದಿದೆ. ಇದಕ್ಕೆ ರೈತರನ್ನು ಮಾತ್ರ ದೂರಿದರೆ ನ್ಯಾಯವಲ್ಲ. ಕಾಡುಮರ ಉಳಿಸಿದ್ದಕ್ಕೆ ಅವರಿಗೆ ಹೆಚ್ಚು ಬೆಲೆ ಕೊಡುವವರು ಯಾರು? ಕಾಫಿ ಕಂಪನಿಗಳು ಕೊಡಬಹುದು. ಕಾಡುಮರದ ನೆರಳಿನ ಕಾಫಿಗೆ ಕಿಲೋಗೆ ಇಷ್ಟು ಹೆಚ್ಚು ಎಂದು ಮೊದಲೇ ಕರಾರು ಮಾಡಿಕೊಂಡು, ಕಾಡುಮರದ ಸಸಿಗಳನ್ನೂ ಕೊಟ್ಟರೆ ರೈತನೇ ಮರ ನೆಡುತ್ತಾನೆ. ಲೆಕ್ಕಪತ್ರದಲ್ಲಿ ಬೀಜದ ಖರ್ಚಿನ ಪಕ್ಕದಲ್ಲೇ ಮರದ ಖರ್ಚೂ ಇರಬೇಕು.

ನಮ್ಮ ಶಿಕಾರಿಪುರ, ಸೊರಬದ ಕಡೆ ಅಡಿಕೆ, ಭತ್ತ, ಜೋಳ, ಶುಂಠಿಯದೇ ಮಾತು. ಆದರೆ ಸೊರಬದ ಕಾನುಗಳು ಹಿಂದಿನಿಂದಲೂ ಹೆಸರಾದವು. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಅವುಗಳ ಬಗ್ಗೆ ವರದಿ ಬರೆದಿದ್ದರು. ಕಾನಿನ ನೆರಳಲ್ಲಿ ಮೆಣಸು ಬೆಳೆಯುತ್ತಿತ್ತು, ಬೈನೆ ಮರವಿತ್ತು, ಕೆಳಗಿನ ಗದ್ದೆಗೆ ನೀರು ಬರುತ್ತಿತ್ತು. ಉಳಿದ ಕಾನೂ ಕರಗಿದರೆ ನಷ್ಟ ಆ ಗದ್ದೆಯವರಿಗೇ.

ನಾಳೆ ನಮ್ಮಲ್ಲಿ ಕೆಲವರು ಅಂಗಡಿ ಇಡುತ್ತೇವೆ, ಕೆಲವರು ಕಂಪನಿಗಳಲ್ಲಿ ಲೆಕ್ಕ ಬರೆಯುತ್ತೇವೆ. ಆಗ ಬಾಬಾ ಅವರ ಏಳು ಬೀಜ ನೆನಪಿರಲಿ. ಅವರು ತಂದದ್ದು ಒಂದು ಮುಷ್ಟಿಯೂ ಇರಲಿಲ್ಲ. ಆದರೆ ತಂದದ್ದನ್ನು ಮಣ್ಣಿಗೆ ಹಾಕಿದರು.