ಗಿಡಕ್ಕೂ ಹೃದಯವಿದೆಯೇ? ತಕ್ಕಡಿಯಲ್ಲಿ ತೂಗಿ ನೋಡಿದ ಪಾದ್ರಿ ಸ್ಟೀಫನ್ ಹೇಲ್ಸ್

ಎತ್ತರದ ಮರದ ತುದಿಗೆ ನೀರು ಹೇಗೆ ಹತ್ತುತ್ತದೆ? ನಮ್ಮ ಮೈಯಲ್ಲಿ ರಕ್ತ ಸುತ್ತುವಂತೆ ಗಿಡದಲ್ಲೂ ರಸ ಸುತ್ತುತ್ತದೆ ಎಂದು 300 ವರ್ಷಗಳ ಹಿಂದೆ ಹಲವು ವಿದ್ವಾಂಸರೇ ನಂಬಿದ್ದರು. ಇದನ್ನು ಪರೀಕ್ಷೆಗೆ ಒಡ್ಡಿದವರು ಸ್ಟೀಫನ್ ಹೇಲ್ಸ್. ಅವರ ಕಥೆಯನ್ನು ನೋಡೋಣ.

ಹೇಲ್ಸ್ ಹುಟ್ಟಿದ್ದು 1677ರಲ್ಲಿ, ಇಂಗ್ಲೆಂಡಿನ ಕೆಂಟ್‌ನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ, 1709ರಲ್ಲಿ ಲಂಡನ್ ಸಮೀಪದ ಟೆಡಿಂಗ್ಟನ್‌ಗೆ ಪಾದ್ರಿಯಾಗಿ ಬಂದರು. ಕುದುರೆಯ ರಕ್ತದೊತ್ತಡವನ್ನು ಗಾಜಿನ ಕೊಳವೆಯಲ್ಲಿ ಮೊದಲು ಅಳೆದವರೂ ಇವರೇ.

ಗಿಡಗಳ ಕಡೆಗೆ ಅವರನ್ನು ಎಳೆದದ್ದು ಒಂದು ಆಕಸ್ಮಿಕ. ಕತ್ತರಿಸಿದ ಹಳೆಯ ದ್ರಾಕ್ಷಿ ಬಳ್ಳಿಯಿಂದ ರಸ ಸೋರುವುದು ನಿಲ್ಲಲೇ ಇಲ್ಲ. ಬಳ್ಳಿ ಸತ್ತೀತೆಂದು ಹೆದರಿ, ಗಾಯಕ್ಕೆ ಪ್ರಾಣಿಯ ಮೂತ್ರಕೋಶದ ತುಂಡು ಕಟ್ಟಿದರು. ಸ್ವಲ್ಪ ಹೊತ್ತಿಗೆ ಅದು ಉಬ್ಬಿ ನಿಂತಿತು! ಇಷ್ಟು ಬಲ ಎಲ್ಲಿಂದ ಬಂತು?

1724ರ ಬೇಸಿಗೆಯಲ್ಲಿ ಅವರು ಸೂರ್ಯಕಾಂತಿ ಗಿಡವಿದ್ದ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದರು. ಮಣ್ಣಿನಿಂದ ನೀರು ಆವಿಯಾಗಬಾರದಲ್ಲ! ನಂತರ 15 ದಿನ, ಬೆಳಿಗ್ಗೆ ಮತ್ತು ಸಂಜೆ ಕುಂಡವನ್ನು ತೂಗಿದರು. ಗಿಡ ಹಗಲಿನಲ್ಲಿ ಸರಾಸರಿ ಅರ್ಧ ಲೀಟರಿಗೂ ಹೆಚ್ಚು ನೀರು ಕಳೆದುಕೊಳ್ಳುತ್ತಿತ್ತು. ರಾತ್ರಿ ಮಾತ್ರ ಬಹಳ ಕಡಿಮೆ.

ಮುಂದೆ ಕೊಂಬೆಗಳನ್ನು ಕತ್ತರಿಸಿ ನೀರಿನಲ್ಲಿಟ್ಟರು. ಎಲೆಯಿದ್ದ ಕೊಂಬೆ ಚೆನ್ನಾಗಿ ನೀರು ಹೀರಿತು, ಎಲೆ ಕಿತ್ತ ಕೊಂಬೆ ಹೀರಿದ್ದು ಅತ್ಯಲ್ಪ. ಅಂದರೆ ನೀರು ಮೇಲೇರಲು ಎಲೆಯೇ ಮುಖ್ಯ ಕಾರಣ. ರಸ ರಕ್ತದಂತೆ ಸುತ್ತುವುದಿಲ್ಲ ಎಂದು ಅವರು 1727ರ ತಮ್ಮ ಪುಸ್ತಕದಲ್ಲಿ ವಾದಿಸಿದರು. 1739ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಪಡೆದ ಅವರು, 1761ರಲ್ಲಿ ಟೆಡಿಂಗ್ಟನ್‌ನಲ್ಲೇ ತೀರಿಕೊಂಡರು.

ಉಳಿದ ಒಗಟು ಬಿಡಿಸಿದ್ದು 1894ರಲ್ಲಿ, ಡಬ್ಲಿನ್‌ನ ಡಿಕ್ಸನ್ ಮತ್ತು ಜೋಲಿ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗುತ್ತದೆ. ಇದೇ ಬಾಷ್ಪವಿಸರ್ಜನೆ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ, ಮೇಲಿನದು ಹೋದಂತೆ ಕೆಳಗಿನದು ಎಳೆದುಕೊಂಡು ಬರುತ್ತದೆ. ದ್ರಾಕ್ಷಿ ಬಳ್ಳಿಯಲ್ಲಿ ಕಂಡದ್ದು ಬೇರಿನ ಒತ್ತಡ. ಅದೂ ನಿಜ, ಆದರೆ ಎತ್ತರದ ಮರಕ್ಕೆ ಅದೊಂದೇ ಸಾಲದು.

ನಮ್ಮ ತೀರ್ಮಾನ: ಗಿಡಕ್ಕೆ ಹೃದಯವಿಲ್ಲ, ಪಂಪೂ ಇಲ್ಲ. ನೀರನ್ನು ಮೇಲೆ ಎಳೆಯುವುದು ಬಿಸಿಲು ಮತ್ತು ಎಲೆ. ಕಿತ್ತು ನೆಟ್ಟ ಸಸಿ ಮಧ್ಯಾಹ್ನ ಬಾಡುವುದೂ ಇದಕ್ಕೇ: ಬೇರು ಹರಿದಿರುತ್ತದೆ, ಎಲೆ ಮಾತ್ರ ನೀರು ಬಿಡುತ್ತಲೇ ಇರುತ್ತದೆ. ಕೆಲವು ದಿನ ನೆರಳು ಕೊಟ್ಟು ನೋಡಿ. ಸಸಿ ನೆಡುವ ಗೆಳೆಯರಿಗೂ ಇದನ್ನು ಕಳುಹಿಸಿ.